ಐದು ಗಂಟಿನ ಬಾಳೆಗೊನೆ

ಮೊನ್ನೆ ಸೊಸೆ ಪೇಟೆಯಿಂದ ಕಮಲಾಪುರದ ಕೆಂಪು ಬಾಳೆಹಣ್ಣು ತಂದು ತಟ್ಟೆಯಲ್ಲಿಟ್ಟಳು. ಮನೆಯೆಲ್ಲ ಅದೇ ವಾಸನೆ... ಬೇರೆಯವರ ಬಾಯಲ್ಲಿ ನೀರೂರಿಸುವ ವಾಸನೆ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಇಷ್ಟು ವರ್ಷವಾದರೂ ಆ ಉರಿ ಆರಿಲ್ಲ.

ನಿಜಾಮರ ಕಾಲ. ಕಲಬುರಗಿ ಸ್ಟೇಷನ್ನಿನ ಪಕ್ಕದ ಸುಂಕದ ಚೌಕಿಯಲ್ಲಿ ನಾನು ಮುನ್ಶಿ. ಹೊರರಾಜ್ಯಕ್ಕೆ ಹೋಗುವ ಮಾಲಿನ ಚೀಟಿಗೆ ಅಲ್ಲಿ ಮೊಹರು ಬಿದ್ದರಷ್ಟೇ ಮಾಲು ರೈಲು ಹತ್ತಬೇಕು. ಕಮಲಾಪುರದಿಂದ ಗೊನೆ ತುಂಬಿದ ಬಂಡಿಗಳ ಜೊತೆ ಒಬ್ಬ ಮುದುಕಿ ಬರುತ್ತಿದ್ದಳು. ನಾವೆಲ್ಲ ಆಯಿ ಎನ್ನುತ್ತಿದ್ದೆವು. ತನ್ನ ತೋಟದ್ದು, ಓಣಿಯ ನಾಲ್ಕಾರು ಮನೆಯವರದ್ದು, ಎಲ್ಲ ಗೊನೆಯೂ ಅವಳ ಕೈಯಿಂದಲೇ ಸೊಲ್ಲಾಪುರಕ್ಕೆ ಹೋಗುತ್ತಿತ್ತು.

ಆಯಿಗೆ ಓದು ಬರಹ ಬಾರದು. ಅಲ್ಲಿನ ವ್ಯಾಪಾರಿಗೆ ಕನ್ನಡ ಬಾರದು. ಆದರೂ ಲೆಕ್ಕ ಒಂದು ದಿನವೂ ತಪ್ಪುತ್ತಿರಲಿಲ್ಲ. ಹಣ್ಣಾಗಲು ಐದು ದಿನ ಇರುವಾಗ ಗೊನೆ ಕಡಿದು, ದಿಂಡಿನ ನಾರಿಗೆ ಐದು ಗಂಟು ಹಾಕುತ್ತಿದ್ದಳು. ದಿನಕ್ಕೊಂದು ಗಂಟು ಬಿಚ್ಚಬೇಕು, ಎಷ್ಟು ಗಂಟು ಉಳಿದಿದೆಯೋ ಹಣ್ಣಾಗಲು ಅಷ್ಟು ದಿನ. ಬಂಡಿಯ ದಾರಿಗೆ ಒಂದು, ರೈಲಿಗೆ ಒಂದು. ವ್ಯಾಪಾರಿಗೆ ಮೂರು ಗಂಟು ಉಳಿದಿರಬೇಕು, ಆಮೇಲೆ ಅವನು ಸುತ್ತಲಿನ ಸಂತೆಗಳಿಗೆ ಕಳಿಸುತ್ತಿದ್ದ.

ಆ ಸಲ ಗಣಪತಿ ಹಬ್ಬಕ್ಕೆ ಮಾಲು ಬರಲೇಬೇಕು, ತಪ್ಪಿದರೆ ಇನ್ನು ಕಮಲಾಪುರದ ಕಡೆ ತಿರುಗಿ ನೋಡುವುದಿಲ್ಲ ಎಂದು ಅವನು ಹೇಳಿಕಳಿಸಿದ್ದ. ಆಯಿ ಹೊತ್ತಿಗೆ ಸರಿಯಾಗಿ ಬಂದಳು. ಆದರೆ ನಮ್ಮ ಸಾಹೇಬರು ಬೀಗರ ಮನೆಯ ಮದುವೆಗೆಂದು ಹೈದರಾಬಾದಿಗೆ ಹೋಗಿದ್ದರು. ಹೋಗುವಾಗ ಮೊಹರಿನ ಪೆಟ್ಟಿಗೆಯ ಚಾವಿ ನನ್ನ ಕೈಗಿಟ್ಟು, ಗಿರಣಿಯವರ ಹತ್ತಿ ಬಂದರೆ ಒತ್ತಿ ಕಳಿಸು, ಚಿಲ್ಲರೆ ಮಂದಿಯ ಮಾಲು ನಾನು ಬರುವ ತನಕ ಬಿದ್ದಿರಲಿ ಎಂದಿದ್ದರು. ಚಿಲ್ಲರೆ ಮಂದಿ! ನಾನಾದರೂ ಏನು ಮಾಡಿದೆ? ಕತ್ತೆಯಂತೆ ತಲೆಯಾಡಿಸಿದೆ. ಆಯಿ ಬಂದು ಚೀಟಿ ಕೇಳಿದಾಗ, ಚಾವಿ ಸಾಹೇಬರ ಕಡೆ ಇದೆ ಎಂದುಬಿಟ್ಟೆ. ಚಾವಿ ನನ್ನ ಉಡಿದಾರದಲ್ಲೇ ಇತ್ತು.

ಅವಳು ಅಂಗಳದ ಬೇವಿನ ಕೆಳಗೆ ಕುಳಿತಳು. ಮರುದಿನ ಮುಂಜಾನೆ ಎದ್ದು ಪ್ರತಿ ಗೊನೆಯಲ್ಲೂ ಉಳಿದಿದ್ದ ನಾಲ್ಕು ಗಂಟುಗಳಲ್ಲಿ ಒಂದೊಂದು ಬಿಚ್ಚಿದಳು. ಅದೇ ದಿನ ಮಧ್ಯಾಹ್ನ ಗಿರಣಿಯ ಹತ್ತಿ ಬಂತು. ಒಳಗೆ ಹೋಗಿ ಮೊಹರು ಒತ್ತಿ ಕೊಟ್ಟೆ. ಹತ್ತಿಯ ಅಂಡಿಗೆಗಳು ಅವಳ ಕಣ್ಣೆದುರೇ ರೈಲು ಹತ್ತಿದವು. ಆಯಿ ಅಂಡಿಗೆಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು...

ಮೂರನೆಯ ಮುಂಜಾನೆ ಗೊನೆಗೆ ಒಂದೇ ಗಂಟು ಉಳಿಯಿತು. ಸಾಹೇಬರು ಅವತ್ತು ಬಂದರು, ಎಲೆಯಡಿಕೆ ಜಗಿಯುತ್ತಲೇ ಮೊಹರು ಒತ್ತಿದರು. ನಾನು ಚೀಟಿ ಹಿಡಿದು ಓಡಿ, ಬಿಚ್ಚಿದ ಗಂಟುಗಳನ್ನು ಮತ್ತೆ ಹಾಕಿ ಕಳಿಸಿಬಿಡು, ಯಾರಿಗೆ ತಿಳಿಯುತ್ತದೆ ಎಂದೆ. ಜಾಣತನ ನೋಡಿ ನನ್ನದು!

ಆಯಿ ಚೀಟಿ ಮುಟ್ಟಲಿಲ್ಲ.

"ಆಂವ ನನ್ನ ಮಾರಿ ಒಮ್ಮೆನೂ ನೋಡಿಲ್ಲ ಯಪ್ಪಾ. ಈ ಗಂಟು ನೋಡೇ ನಂಬ್ಯಾನ. ಸುಳ್ಳು ಗಂಟು ನನ್ನ ಕೈಲೆ ಆಗಂಗಿಲ್ಲ."

ಬಂಡಿಯವರಿಗೆ, ಹಮಾಲರಿಗೆ, ರೈಲಿಗೆ ಕಾದು ಕುಳಿತವರಿಗೆ ಎಲ್ಲ ಗೊನೆಗಳನ್ನೂ ಹಂಚಿಬಿಟ್ಟಳು. ನನ್ನ ಮೇಜಿನ ಮೇಲೂ ಎರಡು ಹಣ್ಣು ಇಟ್ಟು ಖಾಲಿ ಬಂಡಿ ಹತ್ತಿದಳು. ಮರುದಿನ ಆ ಹಣ್ಣು ತಿಂದೆ. ನಾಚಿಕೆಗೆಟ್ಟವನು, ಸಿಪ್ಪೆ ಸುಲಿದು ತಿಂದೆ. ಸಕ್ಕರೆಯಂತಿದ್ದವು.

ಸೊಲ್ಲಾಪುರದವನು ಹೇಳಿದಂತೆಯೇ ಮಾಡಿದ, ಬೇರೆ ಕಡೆಯಿಂದ ಹಣ್ಣು ತರಿಸಿಕೊಂಡ. ಮುಂದಿನ ವರ್ಷ ಕಮಲಾಪುರದ ಬಂಡಿ ಬರಲಿಲ್ಲ. ಆಯಿ ಬಾಳೆ ಕಿತ್ತು ಜೋಳ ಬಿತ್ತಿದಳಂತೆ ಎಂದು ಯಾರೋ ಹೇಳಿದರು. ಆಮೇಲೊಂದು ದಿನ, ತೀರಿಹೋದಳಂತೆ ಎಂದರು... ಹತ್ತು ಹರದಾರಿ ದಾರಿ, ಅವಳು ಇದ್ದಾಗಲೇ ಹೋಗಿ ಕಾಲಿಗೆ ಬೀಳಬಹುದಿತ್ತು. ನನ್ನ ಕಾಲು ಏಳಲಿಲ್ಲ.

ಸೊಸೆ ತಂದ ಹಣ್ಣಿಗೆ ಕಟ್ಟಿದ್ದ ನಾರನ್ನು ಬೆರಳಲ್ಲಿ ಎಳೆದೆಳೆದು ನೋಡಿದೆ. ಗಂಟು ಇರಲಿಲ್ಲ.

"ಯಾಕ್ರೀ ಮಾವಾ, ಹಣ್ಣು ಮುಟ್ಟೇ ಇಲ್ಲಲ್ಲ?" ಎಂದಳು.

ಹೊಟ್ಟೆ ಸರಿಯಿಲ್ಲ ಎಂದೆ. ಅವತ್ತು ಆಯಿಗೆ ಹೇಳಿದಷ್ಟೇ ಸಲೀಸಾಗಿ ಹೇಳಿದೆ.