ತಲೆಬಾಗಿಲ ಮೇಲಿನ ಷೇರು ಕಾಗದ

ಪೆಟ್ಟಿಗೆಯಲ್ಲಿಟ್ಟಿದ್ದ ಷೇರು ಕಾಗದ ಕಾಣದೆ ಮನೆಯೆಲ್ಲ ಜಾಲಾಡಿ ಹೊರಗೆ ಬಂದರೆ, ಅದು ತಲೆಬಾಗಿಲ ಮೇಲೆ ರಾರಾಜಿಸುತ್ತಿತ್ತು! ನಾಲ್ಕು ಮೂಲೆಗೂ ಅರಿಶಿನ, ಕಂಪನಿಯ ಮುದ್ರೆಯ ಮೇಲೆ ದೊಡ್ಡ ಕುಂಕುಮದ ಬೊಟ್ಟು, ಪಕ್ಕದಲ್ಲೊಂದು ಬೇವಿನ ಕೊನೆ.

ಇನ್‌ಫ್ಲುಯೆಂಜಾ ಜ್ವರ ಊರೂರು ಸುತ್ತುತ್ತಿದ್ದ ಕಾಲ. ಮುಂಬಯಿಯ ಔಷಧ ಕಂಪನಿಯೊಂದರ ಆ ಷೇರನ್ನು ಕೊಂಡು ತಂದಾಗ, ಅದು ಜ್ವರದ ಕಾಗದವೆಂದು ಅವ್ವನಿಗೆ ನಾನೇ ಹೇಳಿದ್ದೆ. ಜ್ವರ ಹೆಚ್ಚಿದಷ್ಟೂ ಅದರ ಬೆಲೆ ಏರುತ್ತಿತ್ತು. ಮಾರಲು ಇದೇ ಸಮಯ, ಬೇಗ ಬನ್ನಿ ಎಂದು ಚಳ್ಳಕೆರೆಯ ದಲ್ಲಾಳಿ ಹೇಳಿಕಳಿಸಿದ್ದರು. ಮೊಳಕಾಲ್ಮೂರಿನ ನಮ್ಮ ಮನೆ ಮುಂದೆ ಗಾಡಿ ಕಟ್ಟಿ ನಿಂತಿತ್ತು.

ಕಾಗದ ಕೀಳಲು ಕೈ ಎತ್ತಿದೆ. ಅವ್ವ ಒಳಗಿನಿಂದ ಓಡಿಬಂದಳು.

"ಮುಟ್ಟಬ್ಯಾಡಲೇ! ಇಂಥಾ ಯಂತ್ರ ತಂದು ಪೆಟ್ಟಿಗೆಯಾಗೆ ಮುಚ್ಚಿಟ್ರೆ ಜ್ವರ ಹೆಂಗೆ ಹೋಗ್ತೈತೆ? ಓಣಿಯೋರೆಲ್ಲ ಬಂದು ಕೈ ಮುಗಿದು ಹೋಗ್ತಾರೆ."

ಅಷ್ಟರಲ್ಲಿ ಪಕ್ಕದ ಮನೆಯ ನೇಕಾರರಾಕೆ ಕೂಸನ್ನು ಎತ್ತಿಕೊಂಡು ಬಂದು, ಅದರ ಹಣೆಯನ್ನು ನಮ್ಮ ಬಾಗಿಲ ಚೌಕಟ್ಟಿಗೆ ಮುಟ್ಟಿಸಿದಳು. ನನ್ನ ಕೈ ತಾನಾಗಿ ಕೆಳಗಿಳಿಯಿತು. ಜ್ವರ ಇನ್ನಷ್ಟು ಹಬ್ಬಲೆಂದು ನಾನು ಯಾವ ಕಾಗದವನ್ನು ನಂಬಿದ್ದೆನೋ, ಜ್ವರ ತೊಲಗಲೆಂದು ಇವರೆಲ್ಲ ಅದಕ್ಕೇ ಬೇಡಿಕೊಳ್ಳುತ್ತಿದ್ದರು! ನಾಚಿಕೆಯ ಜೊತೆಗೇ ನಗುವೂ ಉಕ್ಕಿ ಬಂತು. ಗಾಡಿ ಬಿಚ್ಚಿಸಿದೆ.

ಜ್ವರ ಇಳಿಯಿತು, ಷೇರಿನ ಬೆಲೆಯೂ ಪಾತಾಳಕ್ಕಿಳಿಯಿತು. ದಲ್ಲಾಳಿ ಸಿಕ್ಕಾಗಲೆಲ್ಲ ನನಗಾಗಿ ಮರುಗುತ್ತಾರೆ. ಪಕ್ಕದ ಮನೆಯ ಕೂಸು ಈಗ ನಮ್ಮ ಹೊಸ್ತಿಲ ಮೇಲೆ ಕುಣಿಯುತ್ತದೆ. ಹಬ್ಬ ಬಂದರೆ ಏಣಿ ಹಾಕಿ ಆ ಕಾಗದಕ್ಕೆ ಹೊಸದಾಗಿ ಕುಂಕುಮ ಹಚ್ಚುವವನು ನಾನೇ.