ದಪ್ಪ ಹೋಳಿನ ಬಜ್ಜಿ

ಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಆಲೂಗಡ್ಡೆ, ಈರುಳ್ಳಿ ಬಜ್ಜಿ ಕರಿಯುವಾಗ ಹೆಚ್ಚುವ ಕೆಲಸ ಗಂಡನದು. ಪಾರ್ಶ್ವವಾಯು ಬಡಿದು ಅವರ ಬಲಗೈಯೂ ಮಾತೂ ಹೋಗಿದ್ದವು. ಅಕ್ಕ ಆಲೂಗಡ್ಡೆ ಸೀಳಿ ಮಣೆಯ ಮೇಲೆ ಕವುಚಿಟ್ಟರೆ, ಅವರು ಎಡಗೈಯಲ್ಲೇ ಹೆಚ್ಚುತ್ತಿದ್ದರು. ಹೋಳು ಒಂದು ದಪ್ಪ, ಒಂದು ತೆಳು.

"ದಪ್ಪ ಆದ್ರೆ ಎಂತಾಯ್ತು? ಉರಿ ಸಣ್ಣ ಮಾಡಿದ್ರೆ ಬೇಯ್ತದೆ," ಅನ್ನುವುದು ಅಕ್ಕನ ಮಾತು.

ಒಮ್ಮೆ ಎನ್.ಆರ್. ಪುರದಿಂದ ಬಂದಿದ್ದ ನಾದಿನಿ, "ಬಿಡಣ್ಣ, ನಾ ಹೆಚ್ತೆ," ಎಂದು ಚಾಕು ತೆಗೆದುಕೊಂಡಳು. ಅಣ್ಣನ ಮುಖ ಬಾಡಿತು.

"ಕೊಡು ಮಾರಾಯ್ತಿ, ಅದು ಅವರ ಕೆಲಸ," ಎಂದು ಅಕ್ಕ ಚಾಕುವನ್ನು ಗಂಡನ ಕೈಗೇ ವಾಪಸ್ ಕೊಟ್ಟು, ಉರಿ ತಗ್ಗಿಸಿದರು.

ಅವತ್ತು ಗಂಡ ಮೊದಲ ಬಜ್ಜಿ ಕಚ್ಚಿ, ತುಂಬಾ ಹೊತ್ತು ತುಟಿ ಆಡಿಸಿ, "ಉಪ್ಪು... ಕಮ್ಮಿ," ಎಂದರು. ಕಾಯಿಲೆ ಬಿದ್ದ ಮೇಲೆ ಅದೇ ಮೊದಲ ಮಾತು.

ಅಕ್ಕ ಒಲೆ ಆರಿಸಿ, ಅವರ ಪಕ್ಕ ಕೂತು ಕೇಳಿದರು: "ಎಂತಂದ್ರಿ? ಇನ್ನೊಂದ್ಸಲ ಹೇಳಿ."