ಗಾಳಿ ಸ್ಕ್ರೂ ಮೇಲಿನ ಗೀರು

ಪೆಟ್ರೋಲಿನ ವಾಸನೆಗೆ ಹಸಿ ಹಾಲಿನ ವಾಸನೆ ಬೆರೆತರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನನ್ನ ಸೋದರತ್ತೆಯ ಮೊಪೆಡ್ಡಿಗೆ ಇದ್ದದ್ದು ಅದೇ ವಾಸನೆ. ಕಾಮಸಮುದ್ರದ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಬೆಳಿಗ್ಗೆ ಎರಡು ಕ್ಯಾನು ಹಾಲು ನೇತುಹಾಕಿಕೊಂಡು ಬಂಗಾರಪೇಟೆಯ ಹೋಟೆಲುಗಳಿಗೆ ಹೊರಡುವಳು. ಕಾಲಿಗೆ ಚಕ್ರ ಕಟ್ಟಿಕೊಂಡವಳು. ಹೆರಿಗೆಗೆಂದು ಉರಿಗಾಂನ ತವರಿಗೆ ಹೋದ ಅಮ್ಮ ತಿರುಗಿ ಬಂದಿರಲಿಲ್ಲ. ಅತ್ತೆಯೂ ಹಾಗೆ ಬರದೇ ಹೋದರೆ? ಮೊಪೆಡ್ಡಿನ ಸದ್ದು ಕೇಳುವ ತನಕ ನಾನು ಒಳಗೂ ಹೊರಗೂ ಓಡಾಡುತ್ತಲೇ ಇರುತ್ತಿದ್ದೆ.

ಬಿಡುವಾದಾಗ ಅತ್ತೆ ಗೋಣಿಚೀಲ ಹಾಸಿ ಕಾರ್ಬುರೇಟರ್ ಬಿಚ್ಚುವಳು. ಅದರ ಬಟ್ಟಲಲ್ಲಿ ತೇಲುವ ಫ್ಲೋಟು ಪೆಟ್ರೋಲ್ ಇಳಿದರೆ ದಾರಿ ಬಿಡುತ್ತದೆ, ತುಂಬಿದರೆ ಮುಚ್ಚುತ್ತದೆ. ಇಕ್ಕಟ್ಟಾದ ಗಂಟಲಲ್ಲಿ ನುಗ್ಗುವ ಗಾಳಿ ಸಣ್ಣ ತೂತಿನಿಂದ ಆ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಗಾಡಿ ನಿಂತಲ್ಲೇ ಓಡುವಾಗ ಎಂಜಿನ್ನಿಗೆ ಎಷ್ಟು ಗಾಳಿ ಅನ್ನುವುದು ಪಕ್ಕದ ಪುಟ್ಟ ಗಾಳಿ ಸ್ಕ್ರೂವಿನ ಕೈಲಿ. "ಒಲೆ ಇದ್ದಂಗೆ ಕಣೇ. ಗಾಳಿ ಕಮ್ಮಿ ಆದ್ರೆ ಒಗೆ, ಜಾಸ್ತಿ ಆದ್ರೆ ಆರೋಯ್ತದೆ," ಅನ್ನುವಳು.

ನನಗಾಗ ಏಳೋ ಎಂಟೋ. ಒಂದು ಬೆಳಿಗ್ಗೆ ಅವಳು ಹಾಲು ಕರೆಯುತ್ತಿದ್ದಾಗ ಈರುಳ್ಳಿ ಹೆಚ್ಚುವ ಚಾಕುವಿನ ತುದಿಯಿಂದ ಆ ಸ್ಕ್ರೂವನ್ನು ಬಿಗಿಯಾಗುವ ತನಕ ತಿರುಗಿಸಿಬಿಟ್ಟೆ. ಗಾಡಿ ಹೊರಡದಿದ್ದರೆ ಅತ್ತೆಯೂ ಹೊರಡಳು, ಅಷ್ಟೇ ನನ್ನ ಲೆಕ್ಕ. ಪೆಡಲ್ ತುಳಿದಷ್ಟೂ ಗಾಡಿ ಹೊಗೆ ಕಕ್ಕಿ ನಿಂತುಹೋಯಿತು. ಅತ್ತೆ ಕ್ಯಾನುಗಳನ್ನು ಹೊತ್ತು ಬಸ್ಸಿಗೆ ನಡೆದಳು. ದಿನಾ ಹತ್ತಕ್ಕೆ ಬರುವವಳು ಅಂದು ಸಂಜೆಯಾದರೂ ಬರಲಿಲ್ಲ. ನಾನೇ ಅವಳನ್ನು ಕಳೆದುಬಿಟ್ಟೆ ಎಂದು ರಸ್ತೆಯಲ್ಲಿ ನಿಂತು ಅತ್ತದ್ದು ಅತ್ತದ್ದೇ. ಕೊನೆಗೆ, ಬಸ್ಸು ತಡವಾಗಿ ಒಡೆದುಹೋದ ಹಾಲಿನೊಂದಿಗೆ ಬಂದಳು. ಗಾಡಿಯ ಪಕ್ಕ ಕೂತು, ಕಿವಿಗೊಟ್ಟು ಕೇಳುತ್ತ ಸ್ಕ್ರೂ ಸರಿಮಾಡಿದಳು. ಮರುದಿನ "ಬಾ, ಕೂತ್ಕಾ" ಎಂದು ಕ್ಯಾನುಗಳ ನಡುವೆ ನನ್ನನ್ನೂ ಕೂರಿಸಿಕೊಂಡು ಹೊರಟಳು. ಆಮೇಲೆ ಶಾಲೆಗೆ ರಜೆ ಇದ್ದಾಗಲೆಲ್ಲ ನಾನು ಜೊತೆಗೆ.

ಅತ್ತೆ ಹೋಗಿ ವರ್ಷವಾಯಿತು. ಮೊನ್ನೆ ಆ ಗಾಡಿಯನ್ನು ರಿಪೇರಿಗೆಂದು ಬಂಗಾರಪೇಟೆಗೆ ತಂದೆ. ಮೆಕ್ಯಾನಿಕ್ ಕಾರ್ಬುರೇಟರನ್ನು ಪೆಟ್ರೋಲಿನಲ್ಲಿ ತೊಳೆದ. ಜಿಡ್ಡು ಬಿಟ್ಟ ಕಡೆ, ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಸೂಜಿಯಲ್ಲಿ ಎಳೆದಂಥ ಒಂದು ಗೀರು.

"ಯಾರಕ್ಕಾ ಇದು ಆಕಿದ್ದು? ಯಾರಾನ ತಿರುಗಿಸಿಬುಟ್ರೆ ತಿರ್ಗಾ ಅದೇ ಜಾಗಕ್ಕೆ ತರಾಕೆ ಇಂಗೆ ಗುರ್ತು ಮಾಡ್ಕೋತಾರೆ," ಅಂದ.

ನಮ್ಮ ಮನೆಯಲ್ಲಿ ಅತ್ತೆ ಬಿಟ್ಟರೆ ಆ ಗಾಡಿ ಮುಟ್ಟಿದವಳು ನಾನೊಬ್ಬಳೇ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ನಾನು ಇಷ್ಟು ವರ್ಷ ಇದ್ದೆ. ಅವಳಿಗೆ ಅವತ್ತೇ ಎಲ್ಲ ಗೊತ್ತಿತ್ತು. ಬೈಯಲಿಲ್ಲ, ಕೇಳಲಿಲ್ಲ. ಸ್ಕ್ರೂಗೆ ಒಂದು ಗೀರು ಎಳೆದಳು, ನನ್ನನ್ನು ಜೊತೆಗೆ ಕೂರಿಸಿಕೊಂಡಳು. ತಪ್ಪಾಯಿತು ಅತ್ತೆ ಎನ್ನಲು ಈಗ ಅವಳಿಲ್ಲ ಎಂದು ಸಂಕಟವಾಯಿತು.

ಮೆಕ್ಯಾನಿಕ್ ಗೀರಿಗೆ ಗೀರು ಕೂಡಿಸಿ ಪೆಡಲ್ ತುಳಿದ. ಅದೇ ಸದ್ದು. ನಾನು ತಡೆಯಲಾರದೆ ಅಂಗಡಿಯಿಂದ ರಸ್ತೆಗೆ ಬಂದು, ಕಾಮಸಮುದ್ರದ ದಿಕ್ಕಿಗೆ ನೋಡುತ್ತ ನಿಂತೆ.